ಎರಡು ಸೀಟಿ

ಒಂದು ಸೀಟಿ ಅಂದ್ರ ನಿಲ್ಲು.
ಎರಡು ಸೀಟಿ ಅಂದ್ರ ನಡಿ.
ಹನ್ನೊಂದು ವರ್ಷ ಆತು, ಕಲಬುರಗಿ, ಚಿಂಚೋಳಿ, ತಾಂಡೂರ,
ನನ್ನ ಉಸುರಿಗೆ ಬಸ್ಸು ನಿಲ್ಲತದ, ಬಸ್ಸು ನಡೀತದ.
ಲಗ್ನದ ವಿಚಾರಕ್ಕ ಯಾವ ಸೀಟಿ ಊದಬೇಕೋ
ತಿಳೀವಲ್ದು.

ಎದೀ ಮ್ಯಾಲಿನ ಬಿಲ್ಲೆಯಾಗ ಬರೀ ಜಿ. ಚವ್ಹಾಣ.
ಜಿ ಅಂದ್ರ ಘಮಲಿ, ನಮ್ಮಜ್ಜಿ ಹೆಸರು.
ಗಂಡು ಹುಡುಕೋ ಆಪಿನ್ಯಾಗ ಜಿ ಅಂದ್ರ ಗ್ರೀಷ್ಮಾ.
ನಾನೇ ಇಟಗೊಂಡಿದ್ದು. ಈ ಊರ ಬಿಸಲಿಗೆ ಒಪ್ಪತದ ಅಂತ.

ಒಬ್ಬ ಬಂದಿದ್ದ, ಸೂಪರ್ ಮಾರ್ಕೆಟಿನ ಜ್ಯೂಸ್ ಅಂಗಡಿಗೆ,
ಇಸ್ತ್ರಿ ಶರ್ಟು, ಬ್ಯಾಂಕಿನ ನೌಕರಿ.
"ಚವ್ಹಾಣ ಅಂದ್ರ ಮರಾಠಾ ಅಲ್ರಿ? ತೊಂಬತ್ತಾರು ಕುಳಿ?"
ಮೋಸಂಬಿ ಅರ್ಧ ಗ್ಲಾಸಿಗೆ ಇಳಿದಿತ್ತು.
"ಇಲ್ಲರಿ, ತಾಂಡಾ" ಅಂದೆ.
ಮೊದಲು ನಕ್ಕ, ಆಮ್ಯಾಲೆ ಗಡಿಯಾರ ನೋಡಿದ,
"ನೋಡಿದ್ರ ಹಂಗ ಅನಸಂಗಿಲ್ಲ ಬಿಡ್ರಿ" ಅಂದ.
ಹೊಗಳಿಕಿ ಅಂತ ಕೊಟ್ಟಿದ್ದು. ಚಿಲ್ಲರೆ ಹಂಗ ಎಣಿಸಿ ತಗೊಂಡೆ.
ಜ್ಯೂಸಿನ ರೊಕ್ಕ, ಎರಡೂ ಗ್ಲಾಸಿಂದು, ನಾನೇ ಕೊಟ್ಟೆ.

ಇನ್ನೊಬ್ಬ ಮೂರು ವಾರ ರಾತ್ರಿ ರಾತ್ರಿ ಮಾತಾಡಿದ.
"ನಿಮ್ಮ ಡ್ರೆಸ್ಸಿನ್ಯಾಗ ಒಂದು ಫೋಟೋ ಕಳಸ್ರಿ,
ಕನ್ನಡಿ ಹಚ್ಚಿದ್ದು, ಕುಣೀತೀರಲ್ಲ, ಆ ಟೈಪು."
ಖಾಕಿ ಹಾಕ್ಕೊಂಡಿದ್ದು ಕಳಿಸಿದೆ,
ಹೆಗಲಿಗೆ ಚೀಲ, ಬಾಯಾಗ ಸೀಟಿ.
ನೀಲಿ ಗೆರಿ ಎರಡು ಬಿದ್ವು. ಅಷ್ಟೇ.

ತಾಂಡಾಕ್ಕ ಹೋದ್ರ ಬ್ಯಾರೇನೇ ಲೆಕ್ಕ.
ಚವ್ಹಾಣರೆಲ್ಲಾ ಅಣ್ಣತಮ್ಮರು, ಆ ಮಾತೇ ಇಲ್ಲ.
ಪವಾರರ ಮಾಸ್ತರಗ ನನಗಿಂತ ಪಗಾರದ ಸ್ಲಿಪ್ಪಿನ ಮ್ಯಾಲೆ ಮನಸು.
ರಾಠೋಡರ ಹುಡುಗ ಸಾಂಗಲಿಗೆ ಕಬ್ಬು ಕಡೀಲಿಕ್ಕೆ ಹ್ವಾದವ
ಅಲ್ಲೇ ಒಬ್ಬಾಕೀನ ಕಟಗೊಂಡಾನ. ಅವನ ಮ್ಯಾಲೆ ಸಿಟ್ಟಿಲ್ಲ.
ನಾಯಕ ದಂಡ ಹಾಕ್ಯಾನ, ಕಂತಿನ್ಯಾಗ ಕಟ್ಟಲಿಕತ್ತಾನ ಪಾಪ.

ಯಾಡಿ ಟ್ರಂಕಿನ ತಳದಾಗ ಘೂಗರಿ ಇಟ್ಟಾಳ,
ಲಗ್ನಾದಾಕಿ ಕೂದಲಿಗೆ ಕಟ್ಟೋ ಬೆಳ್ಳಿ.
ದೀಪಾವಳಿಗೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕತಾಳ,
ತಿಕ್ಕಿ ತಿಕ್ಕಿ ತೆಳ್ಳಗಾಗ್ಯಾವ.
"ಗಂಡನ ಮನಿಗೆ ಹೋಗೋ ದಿನ ಢಾವಲೋ ಹಾಡಿ ಅಳಬೇಕು, ಕಲಕೋ."
ನನಗ ಬರೋದು ಒಂದೇ ರಾಗ:
ಮುಂದ ಸರೀರಿ, ಮುಂದ ಸರೀರಿ, ಒಳಗ ಜಾಗಾ ಅದ.

ಹೋದ ಕಾರ್ತೀಕದಾಗ, ಮಿರಿಯಾಣ ಬರೋಕಿಂತ ಮುಂಚೆ,
ಒಬ್ಬ ಕುಡುಕಗ ಗೋರಬೋಲಿಯೊಳಗ ಬೈದೆ,
ಯಾರಿಗೂ ತಿಳೀಬಾರದಂತ.
ಹಿಂದಿನ ಸೀಟಿನ್ಯಾಗ ಒಬ್ಬ ನಕ್ಕುಬಿಟ್ಟ.
ತಾಂಡೂರಿನ್ಯಾಗ ಕಲ್ಲಿಗೆ ಪಾಲಿಶ್ ಹಾಕೋ ಕೆಲಸ,
ಬೆರಳಿನ ಗೆರಿಯೊಳಗ ತೊಳದ್ರೂ ಹೋಗದ ಧೂಳು.
ನನ್ನ ಬೈಗುಳ ಥೇಟ್ ಅವನ ಯಾಡೀದಂತ.

ಹದಿನಾಲ್ಕು ಸೋಮವಾರ ಬಂದ.
ಟಿಕೆಟ್ ಇಸಗೊಳ್ಳುವಾಗ ನನ್ನ ಬೆರಳಿಗೆ ಬಿಳಿ ಹತ್ತತಿತ್ತು,
ಒರಸತಿರಲಿಲ್ಲ.
ಗೋತ್ ಕೇಳಲಿಲ್ಲ. ಬೇಕಂತಲೇ.
ಗಡಿ ಹತ್ರ ಬಂದಾಗ ಅವ ಕಿಡಕಿಯಾಗ ಬೆರಳು ಮಾಡತಿದ್ದ:
"ಇಲ್ಲೀತನ ನೀ ಎಸ್‌ಸಿ, ಇಲ್ಲಿಂದ ನಾ ಎಸ್‌ಟಿ.
ನಡುವ ಆ ಬೇವಿನ ಗಿಡ. ಅದರ ಕೆಳಗ ನಾವು ಏನು?"
ಅಲ್ಲಿ ಸ್ಟಾಪ್ ಇಲ್ಲ. ಒಂದು ಸಲ ನಿಲ್ಲಿಸಿದೆ.
ಒಂದೇ ಸೀಟಿ. ಯಾರೂ ಇಳೀಲಿಲ್ಲ.

ಹದಿನೈದನೇ ಸೋಮವಾರ ಕೇಳಿದೆ, ಪೂರ್ತಿ ಹೆಸರು ಏನು?
"ಮೂಡಾವತ್ ಹರಿಯಾ."
ಆ ಕಡೆ ಮೂಡಾವತ್ ಅಂದ್ರ ಈ ಕಡೆ ಚವ್ಹಾಣ.
ಟಿಕೆಟ್ ಮಶೀನು ಕೈಯಾಗ ಸುಮ್ಮನ ಕುಂಯ್ ಅಂತಿತ್ತು.
ಎರಡು ಸರಕಾರಕ್ಕ ನಾವು ಎರಡು ಪಟ್ಟಿ,
ಗೋತಿಗೆ ಒಂದೇ ಹೊಟ್ಟಿ.
ಇಬ್ಬರೂ ನಕ್ಕೆವು. ಅಷ್ಟು ನಗೋದು ಏನೂ ಇರಲಿಲ್ಲ.

ಇಳಿಯುವಾಗ ಬಾಗಲದಾಗ ನಿಂತ,
"ಬರತೀನಿ ತಂಗೀ" ಅನ್ನಲಿಕ್ಕೆ ಬಾಯಿ ತೆರೆದಂಗಿತ್ತು,
ಅನ್ನಲಿಲ್ಲ. ಚಿಲ್ಲರೆ ಕೇಳಿದ.
ಚೀಲದಾಗ ಬೇಕಾದಷ್ಟು ಚಿಲ್ಲರೆ ಇತ್ತು.
"ಇಲ್ಲ" ಅಂದೆ.
ಟಿಕೆಟಿನ ಬೆನ್ನಿಗೆ ಬರೆದು ಕೊಟ್ಟೆ:
ಎರಡು ರೂಪಾಯಿ ಬಾಕಿ.

ಡ್ರೈವರ್ ಖಾಜಾಮಿಯಾ ಕನ್ನಡಿಯೊಳಗಿಂದ ನೋಡಲಿಕತ್ತಿದ್ದ.
ಸೀಟಿ ಬಾಯಾಗೇ ಇತ್ತು.